ಭವನದ ಹೆಣ್ಣಿನ ರೂಮು

ಊರಿನವರು ಇಂದಿಗೂ ನನ್ನನ್ನು ಒಂದು ವಿಷಯಕ್ಕೆ ಹೊಗಳುತ್ತಾರೆ. ಚಿಕೂನ್‌ಗುನ್ಯಾ ಬಂದು ಹೋದ ಮೇಲೆ, ಕಾಯಿಲೆಯವರು ಮಲಗಿದ್ದ ಸಮುದಾಯ ಭವನದಲ್ಲಿ ಮದುವೆ ಮಾಡಲು ಯಾರೂ ಮುಂದೆ ಬಾರದಿದ್ದಾಗ, ರೈಟರು ತಮ್ಮ ಸ್ವಂತ ಮಗಳ ಮದುವೆಯನ್ನೇ ಅಲ್ಲಿ ಮೊದಲು ಮಾಡಿ ಭವನ ಉಳಿಸಿದರು ಎನ್ನುತ್ತಾರೆ. ಯಾರದೋ ಮಗುವಿನ ನಾಮಕರಣದಲ್ಲಿ ಮೈಕು ಹಿಡಿದವರೊಬ್ಬರು ಮತ್ತೆ ಅದನ್ನೇ ಹೇಳಿದರು. ನಾನು ಅರ್ಧ ಊಟ ಬಿಟ್ಟು ಕೈ ತೊಳೆಯಲು ಎದ್ದೆ. ಹೊಗಳುವವರಿಗೆ ಗೊತ್ತಿಲ್ಲದ ಭಾಗವನ್ನು ಬರೆದಿಡಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಕುಳಿತ ಸ್ವಲ್ಪ ಹೊತ್ತಿಗೆ ದನಕ್ಕೆ ನೀರಿಟ್ಟಿದೆಯೋ ಇಲ್ಲವೋ ಎಂದು ಎದ್ದು ಹೋಗುತ್ತೇನೆ. ಇಟ್ಟಿರುತ್ತದೆ. ಆದರೂ ಹೋಗುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ವನಗೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ, ಸ್ಟೋರಿನ ಗೊಬ್ಬರ, ಕೊಯ್ಲಿನ ತೂಕ ನೋಡಿಕೊಳ್ಳುವ ಕೆಲಸ. ಕೆಲಸ ಬಿಟ್ಟ ಮೇಲೂ 'ರೈಟ್ರು' ಎಂಬ ಹೆಸರು ನನ್ನನ್ನು ಬಿಡಲಿಲ್ಲ.

ಕಾಫಿಗೆ ಒಳ್ಳೆಯ ಬೆಲೆ ಬಂದ ತೊಂಬತ್ತರ ದಶಕದಲ್ಲಿ ನಾವು ಭವನ ಕಟ್ಟಿದೆವು. ದೊಡ್ಡ ಎಸ್ಟೇಟಿನವರು ಮರ, ಹೆಂಚು, ಸಿಮೆಂಟು ಕೊಟ್ಟರು. ಉಳಿದವರು ಮೈಮುರಿದು ದುಡಿದರು. ಭವನದ ಹಿಂದಿನ ದಿಣ್ಣೆಯ ಮೇಲೆ ಒಂದು ಮನೆಯಿತ್ತು. ಗಂಡ ಹೆಂಡತಿ ಇಬ್ಬರೇ, ಮಕ್ಕಳಾಗಿರಲಿಲ್ಲ. ಒಂದಿಷ್ಟು ಕಾಫಿ, ಒಂದಿಷ್ಟು ಏಲಕ್ಕಿ, ಎರಡು ಹಸು. ನಾನು ಅವರನ್ನು ಮೇಲ್ಮನೆಯಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದೆ. ರಕ್ತ ಸಂಬಂಧವೇನಲ್ಲ, ಬಾಯಿಮಾತಿನ ಸಂಬಂಧ. ಅಣ್ಣ ಹಳ್ಳದಿಂದ ಅಡಿಪಾಯದ ಕಲ್ಲು ಹೊತ್ತರು. ಅತ್ತಿಗೆ ಊರಿನ ಹೆಂಗಸರನ್ನು ಕೂಡಿಸಿಕೊಂಡು, ಒಳಗಿನ ಕೆಂಪು ನೆಲವನ್ನು ಹೊಳೆಯ ನುಣುಪು ಕಲ್ಲಿನಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದರು. "ಈ ನೆಲದ ಮೇಲೆ ಕೂತು ಉಣ್ಣೋರು ಎಲೆ ಹಾಕ್ಕಳ್ದೆ ಹೋದ್ರೂ ನಡಿತೈತೆ ಕಣ್ರೀ ರೈಟ್ರೇ" ಎಂದು ಅವರು ನಕ್ಕಿದ್ದು ನೆನಪಿದೆ.

ಭವನ ಎಂದರೆ ಬರೀ ಮದುವೆಯಲ್ಲ. ಮಕ್ಕಳಿಗೆ ಪೋಲಿಯೊ ಹನಿ ಅಲ್ಲಿ, ಓಟು ಅಲ್ಲಿ. ಕಾಫಿ ಗಿಡಕ್ಕೆ ಕಾಂಡಕೊರಕ ಹುಳ ಬಿದ್ದಾಗ ಅದರ ಪಾಠ ಅಲ್ಲಿ. ಆನೆ ಗದ್ದೆಗೆ ಇಳಿದಾಗ ಫಾರೆಸ್ಟಿನವರೊಂದಿಗೆ ಜಗಳವಾಗಿದ್ದೂ ಅಲ್ಲೇ. ಭವನದ ಕೊಪ್ಪರಿಗೆ, ಹಂಡೆ, ಸೌಟುಗಳು ಬಿಸಿಲೆಯ ಕಡೆಯ ಹಳ್ಳಿಗಳವರೆಗೂ ಜೀಪಿನಲ್ಲಿ ಹೋಗಿ ಬರುತ್ತಿದ್ದವು. ನಾನು ಕಮಿಟಿಯ ಕಾರ್ಯದರ್ಶಿ. ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು. ಅದು ಸೊಂಟದಲ್ಲಿದ್ದಾಗ ನಾನು ಸ್ವಲ್ಪ ನೆಟ್ಟಗೆ ನಡೆಯುತ್ತಿದ್ದೆ ಎಂದು ನನ್ನ ಹೆಂಡತಿ ಛೇಡಿಸುತ್ತಿದ್ದಳು.

ತಿಥಿ ಊಟಕ್ಕೆ ಮಾತ್ರ ಭವನ ಕೊಡುವಂತಿಲ್ಲ ಎಂದು ಮೊದಲ ಸಭೆಯಲ್ಲೇ ತೀರ್ಮಾನವಾಗಿತ್ತು. ಶುಭಕಾರ್ಯದ ಜಾಗದಲ್ಲಿ ಸಾವಿನ ನೆರಳು ಬೀಳಬಾರದು. ಆ ಮಾತನ್ನು ಎದ್ದು ನಿಂತು ಹೇಳಿದವನು ನಾನೇ.

ಆಮೇಲೆ ಆ ಜ್ವರ ಬಂತು. ಬೆಳಿಗ್ಗೆ ತೋಟಕ್ಕೆ ಹೋದವರು ಮಧ್ಯಾಹ್ನ ದೊಣ್ಣೆ ಊರಿಕೊಂಡು ಬಂದರು. ಗಂಟುಗಂಟೂ ಹಿಡಿದು, ಹರೆಯದವರೂ ಮುದುಕರ ಹಾಗೆ ಬಾಗಿಹೋದರು. ಕೋಳಿ ತಿಂದಿದ್ದಕ್ಕೆ ಬಂತೆಂದು ಕೆಲವರು ಸಾಕಿದ ಹುಂಜಗಳನ್ನು ಎಸ್ಟೇಟಿನ ಲೈನ್ ಮನೆಗಳ ಸಾಲಿನಲ್ಲಿದ್ದ ಕೂಲಿಯವರಿಗೆ ಕೊಟ್ಟುಬಿಟ್ಟರು. ಅವರು ತಿಂದರು, ಅವರಲ್ಲಿ ಅನೇಕರಿಗೆ ಏನೂ ಆಗಲಿಲ್ಲ. ಆಸ್ಪತ್ರೆಯೆಂಬ ನಮ್ಮ ಸಣ್ಣ ಕಟ್ಟಡದ ಜಗುಲಿ ತುಂಬಿ, ಜನ ರಸ್ತೆಯಲ್ಲಿ ಮಲಗಿದಾಗ ಡಾಕ್ಟರು ಭವನ ಕೇಳಿದರು. ಕಮಿಟಿಯ ಅಧ್ಯಕ್ಷರು ನನ್ನ ಮುಖ ನೋಡಿದರು. ಅವರು ದೊಡ್ಡ ಎಸ್ಟೇಟಿನವರು, ಮಾತು ಕಡಿಮೆ. ನಾನು ಬೀಗ ತೆಗೆದೆ.

ದೊಡ್ಡ ಹಾಲಿನಲ್ಲಿ ಗಂಡಸರ ಚಾಪೆಗಳು. ಹೆಂಗಸರಿಗೆ ಹೆಣ್ಣಿನ ರೂಮು, ಎಂದರೆ ಮದುವಣಗಿತ್ತಿಯನ್ನು ಸಿಂಗರಿಸುವ ಕೋಣೆ. ಅದರಲ್ಲಿ ಒಂದು ನಿಲುವುಗನ್ನಡಿ, ಒಂದು ಕಿಟಕಿ, ಗೋಡೆಯಲ್ಲಿ ತಿಥಿ ನಕ್ಷತ್ರ ಇರುವ ಕ್ಯಾಲೆಂಡರು. ಮಂಟಪಕ್ಕೆ ಹೂವಿನ ಹಾರ ಕಟ್ಟುವ ಕೊಕ್ಕೆಗಳಿಗೆ ಗ್ಲೂಕೋಸ್ ಬಾಟಲಿಗಳನ್ನು ನೇತುಹಾಕಿದರು. ಬಾಟಲಿ ಹಾಕದೆ ಮಾತ್ರೆ ಕೊಟ್ಟರೆ ಜನ ಡಾಕ್ಟರನ್ನೇ ಬೈಯುತ್ತಿದ್ದರು. ನೋವಿನ ನಡುವೆ ನಗುವೂ ಇತ್ತು. ಒಬ್ಬ ಮುದುಕರು ನನ್ನನ್ನು ಕರೆದು ಹೇಳಿದರು: "ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ ಕಣೋ ರೈಟ್ರಾ. ನನ್ನೂ ಒಂದ್ ಕೊಕ್ಕೆಗೆ ನೇತಾಕ್ಬುಡು ಮಾರಾಯ, ಬಾಟ್ಲಿ ಜೊತೆ."

ಬೇಸಿಗೆಯಲ್ಲೇ ನನ್ನ ಮಗಳ ಮದುವೆ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಆಲೂರು ತಾಲ್ಲೂಕಿನ ಪಾಳ್ಯದವರು. ರಾಗಿ, ಭತ್ತ ಬೆಳೆಯುವ ನೆಮ್ಮದಿಯ ಮನೆ. ದೀಪಾವಳಿ ಕಳೆದ ಮೇಲೆ ನಮ್ಮ ಭವನದಲ್ಲೇ ಮದುವೆ ಎಂದು ಮಾತಾಗಿತ್ತು. ಚಾಪೆಗಳ ನಡುವೆ ಗಂಜಿ ಹಂಚುತ್ತಾ ಓಡಾಡುವಾಗಲೂ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ಇವರೆಲ್ಲ ಗುಣವಾಗಿ ಎದ್ದು ಹೋಗಲಿ, ತೊಳೆದು ಸುಣ್ಣ ಬಳಿಯೋಣ ಎಂದುಕೊಳ್ಳುತ್ತಿದ್ದೆ. ಯಾರೂ ಇಲ್ಲಿ ಸಾಯದಿರಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದೆ. ಅವರಿಗಾಗಿ ಬೇಡಿಕೊಂಡೆನೋ ಭವನಕ್ಕಾಗಿಯೋ, ಆಗ ಕೇಳಿಕೊಂಡಿರಲಿಲ್ಲ.

ಕಾಯಿಲೆ ಇಳಿಯುತ್ತಾ ಬಂತು. ಹಾಲಿನಲ್ಲಿ ನಾಲ್ಕಾರು ಜನ ಉಳಿದಿದ್ದರು. ಹೆಣ್ಣಿನ ರೂಮಿನಲ್ಲಿ ಅತ್ತಿಗೆ ಒಬ್ಬರೇ. ಜ್ವರ ಬಿಟ್ಟಿತ್ತು, ಸುಸ್ತು ಬಿಟ್ಟಿರಲಿಲ್ಲ. ಎದೆ ಹಿಡಿದಂತಾಗುತ್ತದೆ ಎನ್ನುತ್ತಿದ್ದರು. ಡಾಕ್ಟರು ಬೆಳಿಗ್ಗೆ ನೋಡಿ, ಇನ್ನೆರಡು ದಿನ ಇರಲಿ ಎಂದು ಹೋಗಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನರ್ಸಮ್ಮ ಲೈನ್ ಮನೆಗಳಿಗೆ ಮಾತ್ರೆ ಕೊಡಲು ಹೋದರು. ಮೇಲ್ಮನೆಯಣ್ಣ ಹಾಲು ಕರೆದು ಬರುತ್ತೇನೆಂದು ದಿಣ್ಣೆ ಹತ್ತಿದರು. "ಗಂಜಿ ಬಿಸಿ ಐತೆ, ಸ್ವಲ್ಪ ಹೊತ್ತು ಬಿಟ್ಟು ಕೊಡಿ ರೈಟ್ರೇ" ಎಂದು ನನ್ನ ಕೈಗೆ ಪಾತ್ರೆ ಕೊಟ್ಟರು.

ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋದೆ. ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿದ್ದರು. ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಕರೆದೆ. ಮತ್ತೆ ಕರೆದೆ. ಮೂಗಿನ ಹತ್ತಿರ ಕೈ ಹಿಡಿದೆ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಉಸಿರು ತಾಗಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ತಾಗಲಿಲ್ಲ ಎಂದುಕೊಂಡೆ.

ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಅವರ ಮುಖದಿಂದ ಕಣ್ಣು ತೆಗೆದು ಗೋಡೆಯ ಕ್ಯಾಲೆಂಡರ್ ನೋಡಿದೆ. ಧನಿಷ್ಠಾ ನಕ್ಷತ್ರ.

ನಮ್ಮ ಕಡೆ ಧನಿಷ್ಠದಲ್ಲಿ ಜೀವ ಹೋದರೆ ಆ ಮನೆಯನ್ನು ಆರು ತಿಂಗಳು ಮುಚ್ಚುತ್ತಾರೆ. ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟು, ಮನೆಮಂದಿ ಬೇರೆ ಕಡೆ ಹೋಗಿ ಇರುತ್ತಾರೆ. ಮನೆಗೇ ಹಾಗಾದರೆ ಭವನಕ್ಕೆ? ಆರು ತಿಂಗಳು ಮುಳ್ಳು ಹಾಕಿದ ಭವನದಲ್ಲಿ ಆಮೇಲೆ ಯಾರು ತಾಳಿ ಕಟ್ಟಿಸುತ್ತಾರೆ? ಎಲ್ಲರೂ ಸಕಲೇಶಪುರದ ಕಲ್ಯಾಣ ಮಂಟಪಗಳಿಗೆ ಹೋಗುತ್ತಾರೆ, ಮತ್ತೆ ತಿರುಗಿ ಬರುವುದಿಲ್ಲ. ಇದು ಊರಿನ ಯೋಚನೆ. ಅದರ ಕೆಳಗೆ ನನ್ನ ಯೋಚನೆಯೂ ಇತ್ತು. ಪಾಳ್ಯದವರು ಹೆಣ್ಣಿನ ರೂಮಿನಲ್ಲಿ ಹೆಣ ಬಿದ್ದ ಭವನಕ್ಕೆ ದಿಬ್ಬಣ ತರುವುದಿಲ್ಲ. ಬೇರೆಡೆ ಮದುವೆ ಮಾಡಬಹುದಿತ್ತು. ಆದರೆ ಕಾರ್ಯದರ್ಶಿಯ ಮಗಳ ಮದುವೆಯೇ ಬೇರೆಡೆ ಆಯಿತು ಎನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮೆಟ್ಟಿಲ ಮೇಲೆ ನಿಂತು ಕೂಗಿದರೆ ಮೇಲ್ಮನೆಗೆ ಕೇಳುತ್ತಿತ್ತು. ನಾನು ಕೂಗಲಿಲ್ಲ. ಕೂಗಿದರೆ ಅಣ್ಣ ಓಡಿ ಬರುತ್ತಾರೆ, ಅಲ್ಲೇ ಕೂತು ಅಳುತ್ತಾರೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ.

ಹೊರಗೆ ಔಷಧಿ ತಂದ ಜೀಪು ನಿಂತಿತ್ತು. ಡ್ರೈವರ್ ಹುಡುಗನನ್ನು ಕರೆದೆ. "ಸೀರಿಯಸ್ ಆಗಿದೆ, ಸಕಲೇಶಪುರಕ್ಕೆ ಹಾಕ್ಕೊಂಡು ಹೋಗಬೇಕು, ಹಿಡ್ಕೊ." ಕಂಬಳಿಯ ಸಮೇತ ಎತ್ತಿದೆವು. ಹಾಲಿನಲ್ಲಿದ್ದವರು ತಲೆಯೆತ್ತಿ ನೋಡಿದರು. ಮೇಲ್ಮನೆಗೆ ಯಾರಾದರೂ ಸುದ್ದಿ ಮುಟ್ಟಿಸಿ ಎಂದು ಕೂಗಿ ಹೇಳಿ, ಜೀಪಿನ ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

"ಕೈ ತಣ್ಣಗಾಗೈತಲ್ಲ ರೈಟ್ರೇ" ಎಂದ ಹುಡುಗ.

"ಜ್ವರ ಬಿಟ್ಟಿದೆ ಕಣೋ, ಅದಕ್ಕೆ. ನೀನು ಓಡಿಸು."

ಎಲ್ಲಿಯಾದರೂ ದಾರಿಯಲ್ಲಿ ನಿಲ್ಲಿಸಿ 'ಹೋದರು' ಎನ್ನಬೇಕೆಂದು ಲೆಕ್ಕ ಹಾಕಿದ್ದೆ. ಎಲ್ಲಿ ಎಂದು ಗೊತ್ತುಮಾಡಿಕೊಂಡಿರಲಿಲ್ಲ. ಘಟ್ಟದ ಒಂದು ತಿರುವಿನಲ್ಲಿ ಜೀಪು ಗುಂಡಿಗೆ ಬಿದ್ದು ಜೋರಾಗಿ ಎಗರಿತು. ಆಗ ಅತ್ತಿಗೆಯ ಗಂಟಲಿನಿಂದ ಒಂದು ಸದ್ದು ಬಂತು. ಅಥವಾ ಸೀಟಿನಿಂದ ಬಂತು. ಅವರ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. "ನಿಲ್ಸು, ನಿಲ್ಸು!" ಎಂದು ಕಿರುಚಿದೆ. ಹುಡುಗ ನಿಲ್ಲಿಸಿ ತಿರುಗಿ ನೋಡಿದ. ನನ್ನ ಮುಖ ನೋಡಿ ತಾನೇ ಟೋಪಿ ತೆಗೆದ.

ಆ ಸದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಡಾಕ್ಟರಲ್ಲ. ಅವರು ರೂಮಿನಲ್ಲೇ ಹೋಗಿದ್ದರೆ ನಾನು ಸುಳ್ಳುಗಾರ. ಆ ಗುಂಡಿಯಲ್ಲಿ ಹೋಗಿದ್ದರೆ ನಾನು ಏನು? ಅಲ್ಲಿಯವರೆಗೆ ಜೀವವಿದ್ದು, ಡಾಕ್ಟರನ್ನು ಕರೆಸಿ, ಅಲುಗಾಡಿಸದೆ ಮಲಗಿಸಿದ್ದರೆ? ಈ ಪ್ರಶ್ನೆ ಬಂದಾಗಲೇ ನಾನು ಎದ್ದು ದನದ ನೀರು ನೋಡಲು ಹೋಗುವುದು.

ಮೇಲ್ಮನೆಯಣ್ಣ ಇನ್ನೊಂದು ಜೀಪು ಹಿಡಿದು ಬಂದರು. ನಾವು ತಿರುವಿನಲ್ಲೇ ನಿಂತಿದ್ದೆವು. ಅವರು ಅಳಲಿಲ್ಲ. ಹೆಂಡತಿಯ ಕೆನ್ನೆಗೆ ಕೈಯಿಟ್ಟು ಕೇಳಿದರು:

"ಇಲ್ಲೇನಾ ರೈಟ್ರೇ?"

"ಇಲ್ಲೇ ಅಣ್ಣ."

"ನೀರು ಬಿಟ್ರಾ ಬಾಯಿಗೆ?"

"ಬಿಟ್ಟೆ ಅಣ್ಣ." ಜೀಪಿನಲ್ಲಿ ನೀರೇ ಇರಲಿಲ್ಲ.

"ಪುಣ್ಯ ಕಟ್ಕಂಡ್ರಿ" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಧನಿಷ್ಠ ಅಂತೆ ಇವತ್ತು. ದಾರಿಲಿ ಹೋದ್ಲು. ಮನೆಗೂ ತೊಂದ್ರೆ ಕೊಡ್ಲಿಲ್ಲ, ಭವನಕ್ಕೂ ಕೊಡ್ಲಿಲ್ಲ ನೋಡಿ. ಅವಳ ಗುಣನೇ ಅಂಗೆ."

ಜೀವ ಹೋದ ಜಾಗದಲ್ಲಿ ತಿಥಿಯವರೆಗೆ ಸಂಜೆ ದೀಪ ಇಡುವುದು ನಮ್ಮ ಪದ್ಧತಿ. ಮಣ್ಣು ಮಾಡಿದ ದಿನವೇ ಅಣ್ಣ ಎಣ್ಣೆ ಬತ್ತಿ ಹಿಡಿದು ತಿರುವಿಗೆ ಹೊರಟರು. ಊರಿನಿಂದ ಅದು ಹತ್ತಿರದ ದಾರಿಯಲ್ಲ. ಗಾಳಿಗೆ ಆರಬಾರದೆಂದು ಮೂರು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹಾಸಿದರು. ತಿಥಿ ಮುಗಿದ ಮೇಲೂ ಅಮಾವಾಸ್ಯೆಗೊಮ್ಮೆ ಹೋಗುತ್ತಿದ್ದರು. ಜೀಪಿನ ಹುಡುಗ ಊರೆಲ್ಲ ಹೇಳಿಕೊಂಡು ಬಂದಿದ್ದ: "ರೈಟ್ರ ತೊಡೆ ಮೇಲೇ ಪ್ರಾಣ ಹೋಯ್ತು. ಹೆತ್ತ ತಾಯಿ ತರ ಹಿಡ್ಕಂಡಿದ್ರು." ಜನ ನನ್ನನ್ನು ನೋಡುವ ರೀತಿಯೇ ಬದಲಾಯಿತು.

ಕಾಯಿಲೆ ಪೂರ್ತಿ ಹೋಯಿತು. ಚಾಪೆ, ಬಾಟಲಿ, ಸೂಜಿ ಎಲ್ಲ ಹೊರಗೆ ಬಂದವು. ಭವನಕ್ಕೆ ಔಷಧಿ ಸಿಂಪಡಿಸಿದರು, ಸುಣ್ಣ ಬಳಿದೆವು, ಗೋಮೂತ್ರ ಚಿಮುಕಿಸಿದೆವು, ಪುರೋಹಿತರು ಹೋಮ ಮಾಡಿದರು. ಬಾಗಿಲು ತೆರೆದೇ ಇತ್ತು. ಆದರೆ ಕಾರ್ಯಕ್ಕೆ ಕೇಳಲು ಯಾರೂ ಬರಲಿಲ್ಲ. ಭವನದಲ್ಲಿ ನಿಗದಿಯಾಗಿದ್ದ ಎರಡು ಮದುವೆಗಳು ಸಕಲೇಶಪುರಕ್ಕೆ ಹೋದವು. ಅಧ್ಯಕ್ಷರು ಸಭೆ ಕರೆದರು. ಎಲ್ಲರೂ ಭವನ ಉಳಿಯಬೇಕು ಎಂದರು. ಯಾರಾದರೂ ಮೊದಲು ಮಾಡಲಿ, ಆಮೇಲೆ ನಾವು ಎಂದರು.

"ನಿಮ್ಮ ತಮ್ಮನ ಮದ್ವೆ ಐತಲ್ಲ, ಮಾಡಿ" ಎಂದರೊಬ್ಬರು.

"ನಮ್ಮದು ಸಣ್ಣ ಮದ್ವೆ, ಮನೆ ಅಂಗಳದಲ್ಲೇ ಸಾಕು."

"ಹೋದ್ ತಿಂಗ್ಳು ಸಾವಿರ ಜನ ಅಂದಿದ್ರಿ! ಜ್ವರಕ್ಕೆ ನೆಂಟ್ರೂ ಕರಗೋದ್ರಾ?"

ನಗು ಎದ್ದಿತು. ನಗು ಇಳಿದ ಮೇಲೆ ನಾನು ಎದ್ದು ನಿಂತೆ. "ನನ್ನ ಮಗಳದ್ದೇ ಮೊದಲಾಗಲಿ. ಇಷ್ಟು ಜನರನ್ನ ಬದುಕಿಸಿ ಕಳಿಸಿದ ಜಾಗ ಇದು. ಒಂದು ಸಾವೂ ಕಾಣಲಿಲ್ಲ. ಇದಕ್ಕಿಂತ ಶುಭ ಜಾಗ ಬೇಕಾ?" ಎಂದೆ. ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಲ್ಮನೆಯಣ್ಣನೂ ತಟ್ಟಿದರು.

ಪಾಳ್ಯದಿಂದ ಗಂಡಿನ ಸೋದರಮಾವ ಬಂದರು. ಭವನದ ಮೂಲೆಮೂಲೆ ನೋಡಿದರು. ಹೆಣ್ಣಿನ ರೂಮಿನ ಕನ್ನಡಿಯಲ್ಲಿ ಮೀಸೆ ತಿದ್ದಿಕೊಂಡರು.

"ಬೀಗ್ರೇ, ಬೇಜಾರ್ ಮಾಡ್ಕಬೇಡಿ. ಹೆಂಗಸ್ರು ಕೇಳ್ಕಂಡ್ ಬಾ ಅಂದವ್ರೆ. ಇಲ್ಲಿ ಯಾರಾದ್ರೂ ಹೋದ್ರಾ?"

"ಯಾರೂ ಇಲ್ಲ."

"ಆಣೆ?"

"ಮಗಳಾಣೆ" ಎಂದುಬಿಟ್ಟೆ. ಬಾಯಿಗೆ ಬಂದ ಮೇಲೆ ತಿಳಿಯಿತು, ಯಾರ ಮೇಲೆ ಆಣೆ ಇಟ್ಟೆನೆಂದು. ಅವಳ ಮೊದಲ ಹೆರಿಗೆ ಕಷ್ಟವಾದಾಗ ಆಸ್ಪತ್ರೆಯ ಹೊರಗೆ ನಾನು ನಿಂತಿದ್ದ ಸ್ಥಿತಿಯನ್ನು ಯಾರಿಗೂ ಹೇಳಿಲ್ಲ. ಮಗಳು, ಮೊಮ್ಮಗ ಇಬ್ಬರೂ ಉಳಿದರು. ನಾನು ಮಾತ್ರ ಆ ಬೆಂಚಿನ ಮೇಲೆ ಇನ್ನೂ ಕೂತಿರುವಂತಿದೆ.

ಮದುವೆ ಚೆನ್ನಾಗಿಯೇ ಆಯಿತು. ಜನ ತುಂಬಿದರು. ಏನಾಗುತ್ತದೆ ನೋಡೋಣ ಎಂದು ಬಂದವರೂ ಊಟ ಮಾಡಿ ಹೋದರು. ಮುಹೂರ್ತಕ್ಕೆ ಮುಂಚೆ ಹೆಣ್ಣಿನ ರೂಮಿನಿಂದ ನನ್ನ ಹೆಂಡತಿ ಕರೆದಳು. ಮಗಳು ಸೀರೆ ಉಟ್ಟು ಕನ್ನಡಿಯ ಮುಂದೆ ಕೂತಿದ್ದಳು, ಕಿಟಕಿಯ ಪಕ್ಕದಲ್ಲಿ. ನಾನು ಹೊಸಲಿನಲ್ಲೇ ನಿಂತೆ.

"ಒಳಗೆ ಬನ್ನಿ, ಮಗಳು ಕಾಲಿಗೆ ಬೀಳ್ಬೇಕು."

"ಅವಳೇ ಹೊರಗೆ ಬರಲಿ."

"ಹಸೆಗೆ ಹೋಗೋ ಹೆಣ್ಣನ್ನ ಹೊರಗೆ ಕರೀತೀರಲ್ಲ, ನಿಮಗೇನಾಗೈತೆ?"

ಅಡುಗೆಯವರು ಕರೆಯುತ್ತಿದ್ದಾರೆ ಎಂದು ಸುಳ್ಳು ಹೇಳಿ ಓಡಿದೆ. ಅಡುಗೆಯ ಕಡೆ ಮೇಲ್ಮನೆಯಣ್ಣ ಲುಂಗಿ ಎತ್ತಿ ಕಟ್ಟಿ, ಕೊಪ್ಪರಿಗೆಯಿಂದ ಅನ್ನ ಬಸಿಯುತ್ತಿದ್ದರು. "ಅವಳಿದ್ದಿದ್ರೆ ಇವತ್ತು ಈ ನೆಲಕ್ಕೆ ಯಾರನ್ನೂ ಚಪ್ಪಲಿ ಹಾಕ್ಕಂಡು ಬರಕ್ಕೆ ಬಿಡ್ತಿರಲಿಲ್ಲ" ಎಂದು ನಕ್ಕರು. ನಾನು ಅವರ ಕೈಯಿಂದ ಸೌಟು ಇಸಿದುಕೊಂಡು, ಏನೂ ಇಲ್ಲದ ಪಾತ್ರೆಯನ್ನು ಕೆದಕಿದೆ.

ಆ ಮದುವೆಯ ನಂತರ ಭವನಕ್ಕೆ ಬಿಡುವೇ ಇರಲಿಲ್ಲ. ತಿರುವಿಗೂ ಒಂದು ಹೆಸರು ಬಂತು, ಅಮ್ಮನ ತಿರುವು ಎಂದು. ಜೀಪಿನವರು ಅಲ್ಲಿ ಹಾರನ್ ಮಾಡಿ ಹೋಗತೊಡಗಿದರು. ಯಾರೋ ಕಲ್ಲಿಗೆ ಅರಿಶಿನ ಹಚ್ಚಿದರು.

ಕೆಲವು ವರ್ಷ ಕಳೆದ ಮೇಲೆ ರಸ್ತೆ ಅಗಲ ಮಾಡಲು ಬಂದರು. ಒಂದು ಬೆಳಿಗ್ಗೆ ಅಣ್ಣ ಏದುಸಿರು ಬಿಡುತ್ತಾ ನಮ್ಮ ಮನೆಗೆ ಬಂದರು. "ತಿರುವು ಕಡಿದ್ ಹಾಕ್ತಾರಂತೆ ರೈಟ್ರೇ. ಕಲ್ಲು ಹೋಯ್ತದೆ. ನೀವು ಓದಿದೋರು, ಕಣ್ಣಾರೆ ಕಂಡೋರು. ನೀವ್ ಬಂದು ಒಂದ್ ಮಾತು ಹೇಳಿ."

ನಾನು ಹೋದೆ. ಹೋಗದಿರಲು ಒಂದು ನೆಪವೂ ಸಿಗಲಿಲ್ಲ. ಜೆಸಿಬಿ ಮೂತಿ ಎತ್ತಿಕೊಂಡು ನಿಂತಿತ್ತು. ಇಂಜಿನಿಯರ್ ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. "ರಸ್ತೆ ಬದಿಗೆ ಇಂಥ ಕಲ್ಲು ಹತ್ತಾರು ಇರ್ತವೆ ಯಜಮಾನ್ರೇ, ಎಲ್ಲದಕ್ಕೂ ರಸ್ತೆ ಬಗ್ಗಿಸೋಕಾಗುತ್ತಾ?" ಎಂದರು.

"ಬೇರೆ ಕಲ್ಲು ಗೊತ್ತಿಲ್ಲ ಸಾರ್" ಎಂದರು ಅಣ್ಣ. "ಇದು ನನ್ನ ಹೆಂಡ್ತಿ ಜೀವ ಹೋದ್ ಜಾಗ. ಇವರನ್ನೇ ಕೇಳಿ. ಇವರ ತೊಡೆ ಮೇಲೆ ಹೋಗಿದ್ದು."

ಇಂಜಿನಿಯರ್ ನನ್ನ ಕಡೆ ತಿರುಗಿದರು. ಕೆಲಸದವರೂ ನೋಡಿದರು. ಅಣ್ಣ ಮಾತ್ರ ನನ್ನನ್ನು ನೋಡಲಿಲ್ಲ. ಅವರಿಗೆ ನೋಡುವ ಅಗತ್ಯವಿರಲಿಲ್ಲ, ಅಷ್ಟು ನಂಬಿಕೆ.

"ಹೌದು ಸಾರ್" ಎಂದೆ. "ಇಲ್ಲೇ."

ಇಂಜಿನಿಯರ್ ಸುಣ್ಣದ ಗೆರೆಯನ್ನು ಅಳಿಸಿ, ಗುಡ್ಡದ ಧರೆಯ ಕಡೆ ಒಂದು ಮಾರು ಒಳಗೆ ಎಳೆಸಿದರು. ಜೆಸಿಬಿಯವನು ಚಪ್ಪಲಿ ಬಿಟ್ಟು ಬಂದು ಕಲ್ಲಿಗೆ ಕೈಮುಗಿದು ಕೆಲಸ ಶುರುಮಾಡಿದ. ಇಡೀ ರಸ್ತೆ ನನ್ನ ಒಂದು ಸುಳ್ಳನ್ನು ಸುತ್ತಿಕೊಂಡು ಹೋಯಿತು.

ಹಿಂತಿರುಗಿ ನಡೆಯುವಾಗ ಅಣ್ಣ ಹಗುರವಾಗಿದ್ದರು. ಏಲಕ್ಕಿಗೆ ಬಂದ ಕಟ್ಟೆ ರೋಗದ ಬಗ್ಗೆ, ಗಬ್ಬವಾದ ಹಸುವಿನ ಬಗ್ಗೆ ಮಾತಾಡುತ್ತಿದ್ದರು. ನನಗೆ ಒಂದೂ ಕೇಳುತ್ತಿರಲಿಲ್ಲ. ಸೇತುವೆಯ ಹತ್ತಿರ ನಿಂತೆ. ಎಲ್ಲ ಹೇಳಿಬಿಟ್ಟೆ. ರೂಮು, ಕ್ಯಾಲೆಂಡರು, ಕೂಗದೆ ಇದ್ದದ್ದು, ಜೀಪು, ಇಲ್ಲದ ನೀರು. ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ನನ್ನ ಎದೆ ಹಗುರವಾಗುತ್ತಿತ್ತು. ಅದು ಗೊತ್ತಾಗಿಯೂ ನಿಲ್ಲಿಸಲಿಲ್ಲ.

ಅಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತರು.

"ಅಂಗಾದ್ರೆ ಎಲ್ಲಿ ಹೋದ್ಲು? ರೂಮಲ್ಲಾ, ತಿರುವಲ್ಲಾ?"

"ಗೊತ್ತಿಲ್ಲ ಅಣ್ಣ."

"ಗೊತ್ತಿಲ್ಲ ಅಂದ್ರೆ?"

"ಆ ಸದ್ದು... ನನಗೆ ನಿಜವಾಗಲೂ ಗೊತ್ತಿಲ್ಲ."

ಕಟ್ಟೆಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದರು. ಆಮೇಲೆ ಅವರು ಆಡಿದ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಒಂದ್ ಮಾತು ನನ್ನ ಕೇಳ್ಬೋದಿತ್ತು. ಭವನ ನಂದೂ ಅಲ್ವಾ? ಮಗಳ ಮದ್ವೆ ಐತೆ, ಯಾರ್ಗೂ ಹೇಳ್ಬೇಡ ಅಣ್ಣ ಅಂದಿದ್ರೆ, ನಾನೇ ಅವಳನ್ನ ಎತ್ಕಂಡು ಹೊರಗೆ ಬರ್ತಿದ್ದೆ. ನನ್ ಕೈಯಾರೆ. ನೀರೂ ಬಿಟ್ಟು."

ಊರು ಮುಟ್ಟಿದ ಮೇಲೆ, ರೂಮು ತೋರಿಸಿ ಎಂದರು. ಅಂದು ಭವನದಲ್ಲಿ ಯಾರದೋ ನಿಶ್ಚಿತಾರ್ಥ. ಹೆಣ್ಣಿನ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಕಿಟಕಿಯ ಕೆಳಗೆ, ಅತ್ತಿಗೆ ಮಲಗಿದ್ದ ಕಡೆ, ಹುಡುಗಿಯರು ಗುಂಪಾಗಿ ಕೂತು ಒಬ್ಬರ ಕೈಗೊಬ್ಬರು ಮೆಹೆಂದಿ ಹಚ್ಚುತ್ತಿದ್ದರು. ನಮ್ಮನ್ನು ಕಂಡು ಒಬ್ಬಳು, "ತಾತ, ಇಲ್ಲಿ ಗಂಡಸ್ರು ಬರಂಗಿಲ್ಲ!" ಎಂದು ಕೂಗಿದಳು. ಎಲ್ಲರೂ ಕಿಸಕ್ಕನೆ ನಕ್ಕರು. ಅಣ್ಣ ನೆಲವನ್ನೇ ನೋಡುತ್ತಿದ್ದರು. ಅದು ಇನ್ನೂ ಹೊಳೆಯುತ್ತಿತ್ತು.

"ಇಲ್ಲಿ ದೀಪ ಇಡಕ್ಕಾಯ್ತದಾ?" ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿ, ಹಿಂದಿರುಗಿ ದಿಣ್ಣೆ ಹತ್ತಿದರು.

ಈ ಮಾತು ಅವರು ಯಾರಿಗೂ ಹೇಳಲಿಲ್ಲ. ಮದುವೆಗಳಿಗೆ ಬರುತ್ತಿದ್ದರು, ನನ್ನನ್ನು ಕಂಡರೆ ಮಾತಾಡಿಸುತ್ತಿದ್ದರು, ಮೊದಲಿನಂತೆಯೇ ರೈಟ್ರೇ ಎನ್ನುತ್ತಿದ್ದರು. ಆದರೆ ಅಮಾವಾಸ್ಯೆಗೆ ತಿರುವಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟರು. ಅತ್ತಿಗೆ ಹೋದ ದಿನ ಬಂದಾಗ, ಭವನಕ್ಕೆ ಬರಬಹುದೆಂದು ನಾನು ಬೆಳಿಗ್ಗೆಯೇ ಹೆಣ್ಣಿನ ರೂಮು ಗುಡಿಸಿ, ಒರೆಸಿ, ಎಲ್ಲ ಬಾಗಿಲು ತೆಗೆದಿಟ್ಟು ಮೆಟ್ಟಿಲ ಮೇಲೆ ಕಾದೆ. ಒಂದು ಕಡೆ ಕೂರಲಾಗದೆ ಅಂಗಳದಲ್ಲಿ ಶತಪಥ ಹಾಕಿದೆ. ದಿಣ್ಣೆಯ ಮೇಲೆ ಅವರು ಕಾಫಿ ಗಿಡದ ಚಿಗುರು ಚಿವುಟುತ್ತಿರುವುದು ಕಾಣುತ್ತಿತ್ತು. ಅವರು ಇಳಿದು ಬರಲಿಲ್ಲ.

ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಬಹುದು. ನಿಜ ಹೇಳಿ, ಆ ಮನುಷ್ಯನಿಗೆ ಹೋಗಿ ನಿಲ್ಲಲು ಇದ್ದ ಒಂದೇ ಜಾಗವನ್ನು ಇಲ್ಲವಾಗಿಸಿದ್ದಕ್ಕೆ ಯಾರ ಹತ್ತಿರ ಕೇಳಬೇಕೋ ನನಗೆ ತಿಳಿಯದು. ಅವರಿಗಾಗಿ ಹೇಳಿದೆ ಎಂದುಕೊಂಡಿದ್ದೆ. ನನಗಾಗಿ ಹೇಳಿದ್ದು.

ಸಂಜೆ ಬಾಗಿಲು ಹಾಕುವಾಗ ಅದೇ ಡ್ರೈವರ್ ಹುಡುಗ ಜೀಪು ತಂದು ನಿಲ್ಲಿಸಿದ. ಈಗ ಹುಡುಗನಲ್ಲ, ಹೊಟ್ಟೆ ಬಂದಿದೆ. "ಏನ್ ರೈಟ್ರೇ, ಅಮ್ಮನ ತಿರುವಲ್ಲಿ ಈ ವರ್ಷ ದೀಪನೇ ಇಲ್ಲ? ಮೇಲ್ಮನೆಯೋರು ಬರ್ಲಿಲ್ವಾ?"

"ಮೈ ಹುಷಾರಿಲ್ಲವಂತೆ ಕಣೋ" ಎಂದೆ.